ಐವತ್ತು ವರ್ಷದ ವಿಮಾನ ಇನ್ನೂ ಹಾರ್ತಿದೆ, ಹೇಗೆ?

ಕೆನಡಾದ ಉತ್ತರಕ್ಕೆ, ಆರ್ಕ್ಟಿಕ್ ವೃತ್ತದ ಆಚೆ, ಬ್ಯಾಫಿನ್ ದ್ವೀಪದಲ್ಲಿ ಮೇರಿ ರಿವರ್ ಅನ್ನೋ ಕಬ್ಬಿಣದ ಅದಿರಿನ ಗಣಿ ಇದೆ. ಬೇರೆ ಊರುಗಳಿಂದ ಅಲ್ಲಿಗೆ ರಸ್ತೆ ಇಲ್ಲ, ರೈಲಂತೂ ಇಲ್ಲವೇ ಇಲ್ಲ. ಕೆಲಸದವರು ಬರೋದು ಹೋಗೋದು ವಿಮಾನದಲ್ಲೇ. ಅಲ್ಲಿನ ರನ್‌ವೇಗೆ ಡಾಂಬರೂ ಇಲ್ಲ, ಕಾಂಕ್ರೀಟೂ ಇಲ್ಲ, ಬರೀ ಜಲ್ಲಿಕಲ್ಲು. ಆ ಜಲ್ಲಿ ಮೇಲೆ ನೋಲಿನಾರ್ ಅನ್ನೋ ಕಂಪನಿಯ ಬೋಯಿಂಗ್ 737-200 ಜೆಟ್‌ಗಳು ವರ್ಷಗಳಿಂದ ಇಳಿಯುತ್ತಾ ಬಂದಿವೆ.

737-200 ಮೊದಲ ಸಲ ಹಾರಿದ್ದು 1967ರಲ್ಲಿ. ಬೋಯಿಂಗ್ ಅದನ್ನು ತಯಾರಿಸೋದು ನಿಲ್ಲಿಸಿದ್ದು 1988ರಲ್ಲಿ. ಅಂದ್ರೆ ಇವತ್ತು ಹಾರ್ತಿರೋ 737-200ಗಳಲ್ಲಿ ತೀರಾ ಚಿಕ್ಕದಕ್ಕೂ 35 ದಾಟಿದೆ. 1970ರ ದಶಕದಲ್ಲಿ ಹುಟ್ಟಿದವೂ ಇವೆ. ನಮ್ಮಲ್ಲಿ ಬಹಳ ಜನರ ಅಪ್ಪ ಅಮ್ಮನಿಗಿಂತ ಹಿರಿಯ ವಿಮಾನಗಳು ಇವು.

ನಮ್ಮಲ್ಲಿ ಬೈಕಿಗೆ 15 ವರ್ಷ ಆದ್ರೆ ಎಫ್‌ಸಿ ಮಾಡಿಸಿ ಆರ್‌ಸಿ ರಿನ್ಯೂ ಮಾಡಿಸಬೇಕು. ಮನೆಯಲ್ಲೂ "ಇನ್ನೂ ಯಾಕೋ ಆ ಡಬ್ಬಾ ಗಾಡಿ" ಅಂತ ಶುರುವಾಗತ್ತೆ. ಹಾಗಿರುವಾಗ 100 ಜನರನ್ನು ಹೊತ್ತು 30,000 ಅಡಿ ಮೇಲೆ ಹೋಗೋ ಯಂತ್ರಕ್ಕೆ ಇಷ್ಟು ವಯಸ್ಸಾದರೂ ಹೇಗೆ ಬಿಡ್ತಾರೆ? ಅದು ಅಪಾಯ ಅಲ್ವಾ? ಈ ಪ್ರಶ್ನೆಗೆ ಉತ್ತರ ಹುಡುಕಿದಾಗ ನಮಗೆ ಮೊದಲು ಗೊತ್ತಾಗಿದ್ದು, ವಿಮಾನದ ವಯಸ್ಸನ್ನು ಎಣಿಸೋ ರೀತಿಯೇ ಬೇರೆ ಅನ್ನೋದು.

ಎಣಿಸಬೇಕಾದ್ದು ವರ್ಷ ಅಲ್ಲ, ಉಸಿರು

ಸೆಕೆಂಡ್ ಹ್ಯಾಂಡ್ ಬೈಕ್ ತಗೊಳ್ಳುವಾಗ ನಾವು ಮಾಡೆಲ್ ಯಾವ ವರ್ಷದ್ದು ಅಂತ ಕೇಳ್ತೀವಿ, ಜೊತೆಗೆ ಎಷ್ಟು ಕಿಲೋಮೀಟರ್ ಓಡಿದೆ ಅಂತಲೂ ನೋಡ್ತೀವಿ. ವಿಮಾನಕ್ಕೆ ಮೂರು ಲೆಕ್ಕ ಇರತ್ತೆ: ವರ್ಷ, ಹಾರಿದ ಗಂಟೆ, ಮತ್ತು ಸೈಕಲ್. ಒಂದು ಸಲ ಮೇಲೇರಿ ಇಳಿದರೆ ಒಂದು ಸೈಕಲ್. ವಿಮಾನದ ಮೈಗೆ, ಅಂದ್ರೆ ಫ್ಯೂಸಲಾಜ್‌ಗೆ, ಮುಖ್ಯವಾದ್ದು ಈ ಮೂರನೇ ಲೆಕ್ಕ.

ಯಾಕೆ ಅಂದ್ರೆ, 35,000 ಅಡಿ ಎತ್ತರದಲ್ಲಿ ಹೊರಗಿನ ಗಾಳಿಯ ಒತ್ತಡ ನೆಲದ ಮೇಲಿನದರ ಕಾಲು ಭಾಗಕ್ಕಿಂತ ಕಡಿಮೆ. ಅಲ್ಲಿ ನಾವು ಉಸಿರಾಡಬೇಕು ಅಂದ್ರೆ ಕ್ಯಾಬಿನ್ ಒಳಗೆ ಗಾಳಿ ತುಂಬಬೇಕು. ಒಳಗೂ ಹೊರಗೂ ಇರೋ ಒತ್ತಡದ ವ್ಯತ್ಯಾಸ ಸುಮಾರು 50 ಕಿಲೋಪ್ಯಾಸ್ಕಲ್. ಇದನ್ನು ಹೀಗೆ ಅರ್ಥ ಮಾಡ್ಕೊಳ್ಳಬಹುದು: ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಗೋಡೆಯ ಮೇಲೆ ಒಳಗಿನಿಂದ ಸುಮಾರು 5 ಟನ್ ತೂಕ ಒತ್ತಿದ ಹಾಗೆ. ಪ್ರತಿ ಸಲ ಮೇಲೇರಿದಾಗ ವಿಮಾನ ಬಲೂನಿನ ಹಾಗೆ ಒಂಚೂರು ಉಬ್ಬತ್ತೆ, ಇಳಿದಾಗ ಕುಗ್ಗತ್ತೆ. ಒಂದು ಉಸಿರು ತಗೊಂಡು ಬಿಟ್ಟ ಹಾಗೆ.

ಎರಡನೇ ವರ್ಷದಲ್ಲಿ ಕಲಿಯೋ ತೆಳು ಸಿಲಿಂಡರ್ ಸೂತ್ರ ಇಲ್ಲಿ ನೇರವಾಗಿ ಕೆಲಸಕ್ಕೆ ಬರತ್ತೆ. ಹೂಪ್ ಸ್ಟ್ರೆಸ್ = ಒತ್ತಡ × ತ್ರಿಜ್ಯ ÷ ದಪ್ಪ. 737ರ ಮೈಯ ತ್ರಿಜ್ಯ ಸುಮಾರು 1.88 ಮೀಟರ್. ಹಳೇ 737ರ ಮೇಲ್ಭಾಗದ ಅಲ್ಯೂಮಿನಿಯಂ ಹಾಳೆಯ ದಪ್ಪ ಬರೀ 0.9 ಮಿಲಿಮೀಟರ್. ಹೌದು, ಒಂದು ಮಿಲಿಮೀಟರೂ ಇಲ್ಲ! ಲೆಕ್ಕ ಹಾಕಿದ್ರೆ ಸುಮಾರು 100 ಮೆಗಾಪ್ಯಾಸ್ಕಲ್ ಬರತ್ತೆ. ಅಲ್ಲಿ ಬಳಸೋ ಅಲ್ಯೂಮಿನಿಯಂ ಮಿಶ್ರಲೋಹದ ಯೀಲ್ಡ್ ಸ್ಟ್ರೆಂತ್ 300 ಮೆಗಾಪ್ಯಾಸ್ಕಲ್‌ಗಿಂತ ಮೇಲಿದೆ. ಅಂದ್ರೆ ತಡೆಯೋ ಶಕ್ತಿಯ ಮೂರನೇ ಒಂದು ಭಾಗ ಮಾತ್ರ ಬಳಕೆ ಆಗ್ತಿದೆ. ಪರೀಕ್ಷೆಯಲ್ಲಿ ಇದೇ ಉತ್ತರ ಬರೆದು "ಡಿಸೈನ್ ಈಸ್ ಸೇಫ್" ಅಂತ ಅಡಿಗೆರೆ ಎಳೆದುಬಿಡಬಹುದು.

ಆದ್ರೆ ಅದು ಒಂದು ಸಲದ ಲೆಕ್ಕ. ಬೇಲಿ ತಂತಿ ಕತ್ತರಿಸೋಕೆ ಕಟಿಂಗ್ ಪ್ಲೈಯರ್ ಸಿಗದಿದ್ರೆ ಏನು ಮಾಡ್ತಾರೆ? ಹಿಂದೆ ಮುಂದೆ, ಹಿಂದೆ ಮುಂದೆ ಬಗ್ಗಿಸ್ತಾರೆ. ಎಳೆದ್ರೆ ಬಗ್ಗದ ತಂತಿ ಇಪ್ಪತ್ತು ಸಲ ಬಗ್ಗಿಸಿದ್ರೆ ಪಟ್ ಅಂತ ಮುರಿಯತ್ತೆ. ಇದೇ ಫಟೀಗ್, ಲೋಹದ ದಣಿವು. ಉಕ್ಕಿಗಾದ್ರೆ ಒಂದು ಮಿತಿಗಿಂತ ಕಡಿಮೆ ಸ್ಟ್ರೆಸ್‌ನಲ್ಲಿ ಎಷ್ಟು ಸಲ ಬೇಕಾದ್ರೂ ತಡೆಯತ್ತೆ ಅನ್ನೋ ಭರವಸೆ ಇದೆ. ಅಲ್ಯೂಮಿನಿಯಂಗೆ ಅಂಥ ಗಟ್ಟಿ ಮಿತಿ ಇಲ್ಲ. ಸ್ಟ್ರೆಸ್ ಎಷ್ಟು ಚಿಕ್ಕದಾದರೂ, ಸಾಕಷ್ಟು ಸಲ ಆದ್ರೆ ಎಲ್ಲೋ ಒಂದು ರಿವೆಟ್ ತೂತಿನ ಅಂಚಲ್ಲಿ ಕೂದಲೆಳೆಯಷ್ಟು ಬಿರುಕು ಶುರುವಾಗತ್ತೆ.

ಈ ಪಾಠ ಕಲಿಸಿದ್ದು ಕಾಮೆಟ್

ಪ್ರಪಂಚದಲ್ಲಿ ಮೊದಲು ಪ್ರಯಾಣಿಕರ ಸೇವೆಗೆ ಬಂದ ಜೆಟ್ ಬ್ರಿಟನ್ನಿನ ಡಿ ಹ್ಯಾವಿಲೆಂಡ್ ಕಾಮೆಟ್. 1952ರ ಮೇ ತಿಂಗಳಲ್ಲಿ ಲಂಡನ್‌ನಿಂದ ಜೊಹಾನ್ಸ್‌ಬರ್ಗ್‌ಗೆ ಹೊರಟಿತು. 1954ರ ಜನವರಿಯಲ್ಲಿ ಒಂದು ಕಾಮೆಟ್ ಇಟಲಿಯ ಎಲ್ಬಾ ದ್ವೀಪದ ಹತ್ತಿರ ಆಕಾಶದಲ್ಲೇ ಒಡೆದು ಸಮುದ್ರಕ್ಕೆ ಬಿತ್ತು, 35 ಜನ ಸತ್ತರು. ಮೂರು ತಿಂಗಳೊಳಗೆ ನೇಪಲ್ಸ್ ಹತ್ತಿರ ಇನ್ನೊಂದು ಹಾಗೇ ಬಿತ್ತು, 21 ಜನ ಸತ್ತರು. ಎರಡೂ ಹೆಚ್ಚು ವರ್ಷ ಆಗಿರದ ವಿಮಾನಗಳೇ.

ಕಾರಣ ಹುಡುಕೋಕೆ ಫಾರ್ನ್‌ಬರೋದಲ್ಲಿ ಎಂಜಿನಿಯರ್‌ಗಳು ಒಂದು ಇಡೀ ಕಾಮೆಟ್‌ನ ಮೈಯನ್ನು ನೀರಿನ ದೊಡ್ಡ ತೊಟ್ಟಿಯಲ್ಲಿ ಮುಳುಗಿಸಿ, ಒಳಗೂ ನೀರು ತುಂಬಿ, ಪಂಪ್‌ನಿಂದ ಒತ್ತಡ ಏರಿಸಿ ಇಳಿಸಿ ಸಾವಿರಾರು ಹಾರಾಟಗಳನ್ನು ನೆಲದ ಮೇಲೇ ಮಾಡಿದರು. ಗಾಳಿ ಬಿಟ್ಟು ನೀರು ಯಾಕೆ? ಅದುಮಿದ ಗಾಳಿ ಬಾಂಬಿನ ಹಾಗೆ ಸಿಡಿಯತ್ತೆ, ಬಿರುಕು ಎಲ್ಲಿ ಶುರುವಾಯ್ತು ಅನ್ನೋದೇ ತಿಳಿಯಲ್ಲ. ನೀರು ಹೆಚ್ಚು ಅದುಮಿಕೊಳ್ಳಲ್ಲ, ಹಾಗಾಗಿ ಒಡೆದ ಜಾಗ ಹಾಗೇ ಉಳಿಯತ್ತೆ. ಆ ವಿಮಾನ ಮೊದಲು ನಿಜವಾಗಿ ಹಾರಿದ್ದೂ ಸೇರಿ ಸುಮಾರು 3,000 ಸೈಕಲ್‌ಗೆ ಒಡೆಯಿತು. ಬಿರುಕು ಹೊರಟಿದ್ದು ಮೈಯಲ್ಲಿ ಕತ್ತರಿಸಿದ್ದ ಒಂದು ತೆರಪಿನ ಮೂಲೆಯಿಂದ. ಮೂಲೆಗಳಲ್ಲಿ ಸ್ಟ್ರೆಸ್ ಎಲ್ಲರ ಲೆಕ್ಕಕ್ಕಿಂತ ಬಹಳ ಜಾಸ್ತಿ ಇತ್ತು.

ಅಲ್ಲಿಂದ ಮುಂದೆ ಹೊಸ ವಿಮಾನ ಬರೋ ಮೊದಲು ಹೀಗೆ ದಣಿಸಿ ನೋಡೋದು ರೂಢಿ ಆಯ್ತು. ನಮ್ಮ ಬೆಂಗಳೂರಿನ ಎನ್‌ಎಎಲ್‌ನಲ್ಲೂ ವಿಮಾನದ ಭಾಗಗಳಿಗೆ ಲೋಡ್ ಹಾಕಿ ತೆಗೆದು, ಹಾಕಿ ತೆಗೆದು ದಣಿವಿನ ಪರೀಕ್ಷೆ ಮಾಡ್ತಾರೆ.

ಅಲೋಹಾ: 19 ವರ್ಷ, 89,680 ಸೈಕಲ್

ದಣಿವಿನ ಬಗ್ಗೆ ಗೊತ್ತಿದ್ದೂ ಏನಾಗಬಹುದು ಅನ್ನೋದಕ್ಕೆ ಉದಾಹರಣೆ ಹವಾಯಿಯದು. 1988ರ ಏಪ್ರಿಲ್ 28ರಂದು ಅಲೋಹಾ ಏರ್‌ಲೈನ್ಸ್‌ನ 737-200 ಹಿಲೋದಿಂದ ಹೊನಲುಲುಗೆ ಹೊರಟು 24,000 ಅಡಿ ಮುಟ್ಟಿದಾಗ, ಮುಂಭಾಗದಲ್ಲಿ ಸುಮಾರು ಐದೂವರೆ ಮೀಟರ್ ಉದ್ದದ ಚಾವಣಿಯೇ ಕಿತ್ತುಹೋಯಿತು. ಒಳಗೆ 95 ಜನ. ನಿಂತು ಕೆಲಸ ಮಾಡ್ತಿದ್ದ ಒಬ್ಬ ಗಗನಸಖಿ ಗಾಳಿಗೆ ಹೊರಗೆ ಎಳೆದುಹೋದರು. ಪ್ರಯಾಣಿಕರೆಲ್ಲ ಸೀಟ್ ಬೆಲ್ಟ್ ಹಾಕಿದ್ದರಿಂದ, ಪೈಲಟ್‌ಗಳು ಸುಮಾರು 13 ನಿಮಿಷದಲ್ಲಿ ಮಾವಿ ದ್ವೀಪದಲ್ಲಿ ಇಳಿಸಿದ್ದರಿಂದ ಉಳಿದವರೆಲ್ಲ ಬದುಕಿದರು.

ಈಗ ಲೆಕ್ಕ ನೋಡಿ. ಆ ವಿಮಾನಕ್ಕೆ 19 ವರ್ಷ, ಹಾರಿದ್ದು 35,496 ಗಂಟೆ. ಬೋಯಿಂಗ್ ವಿನ್ಯಾಸ ಮಾಡುವಾಗ ಇಟ್ಟುಕೊಂಡಿದ್ದ ಗುರಿ 20 ವರ್ಷ, 51,000 ಗಂಟೆ, 75,000 ಸೈಕಲ್. ವರ್ಷ, ಗಂಟೆ ಎರಡರಲ್ಲೂ ವಿಮಾನ ಮಿತಿಯೊಳಗೇ ಇತ್ತು. ಆದ್ರೆ ಸೈಕಲ್ ಆಗಿದ್ದು 89,680! ಒಂದು ಹಾರಾಟಕ್ಕೆ ಸರಾಸರಿ 24 ನಿಮಿಷ, ದಿನಕ್ಕೆ ಸರಾಸರಿ 13 ಹಾರಾಟ. ದ್ವೀಪದಿಂದ ದ್ವೀಪಕ್ಕೆ ಸಿಟಿ ಬಸ್ಸಿನ ಹಾಗೆ ಓಡಾಡಿದ ವಿಮಾನ ಅದು. ಇದೇ 19 ವರ್ಷ ದಿನಕ್ಕೆ ಒಂದೇ ಸಲ ದೂರದ ಊರಿಗೆ ಹೋಗಿ ಬಂದಿದ್ರೆ ಸೈಕಲ್ 14,000 ಕೂಡ ಆಗ್ತಿರಲಿಲ್ಲ. ಒಂದೇ ವಯಸ್ಸಿನ ಎರಡು ವಿಮಾನಗಳಲ್ಲಿ ಒಂದು ಮುದಿ, ಒಂದು ಯುವಕ ಆಗಬಹುದು ಅನ್ನೋದು ಹೀಗೆ.

ಸೈಕಲ್ ಒಂದೇ ಕಾರಣ ಅಲ್ಲ. ಆ ಕಾಲದ ಮೊದಲ 737ಗಳಲ್ಲಿ ಎರಡು ಹಾಳೆ ಸೇರೋ ಕಡೆ ಅಂಟು ಹಾಕಿ, ಮೇಲೆ ರಿವೆಟ್ ಹೊಡೆದಿದ್ದರು. ಭಾರ ಹೊರಬೇಕಾದ್ದು ಮುಖ್ಯವಾಗಿ ಅಂಟು. ಹವಾಯಿಯ ಉಪ್ಪುಗಾಳಿ, ತೇವ ಒಳಗೆ ಸೇರಿ ಅಂಟು ಬಿಟ್ಟಿತು. ಆಗ ಭಾರವೆಲ್ಲ ರಿವೆಟ್ ತೂತುಗಳ ಚೂಪು ಅಂಚಿನ ಮೇಲೆ ಬಂತು. ಸಾಲಾಗಿ ಹತ್ತಾರು ತೂತುಗಳಲ್ಲಿ ಒಂದೊಂದು ಸಣ್ಣ ಬಿರುಕು. ಬಿಡಿಯಾಗಿ ಯಾವುದೂ ಅಪಾಯಕಾರಿ ಅಲ್ಲ. ಒಂದು ದಿನ ಅವೆಲ್ಲ ಕೈ ಕೈ ಹಿಡಿದುಕೊಂಡವು, ಜಿಪ್ ತೆಗೆದ ಹಾಗೆ ಚಾವಣಿ ತೆರೆದುಕೊಂಡಿತು. ವಿಮಾನ ಹತ್ತುವಾಗಲೇ ಒಬ್ಬ ಪ್ರಯಾಣಿಕರ ಕಣ್ಣಿಗೆ ಬಿರುಕು ಬಿದ್ದಿತ್ತು, ಆದ್ರೆ ಅವರು ಯಾರಿಗೂ ಹೇಳಿರಲಿಲ್ಲ ಅಂತ ತನಿಖಾ ವರದಿಯಲ್ಲಿದೆ.

ಈ ಅಪಘಾತದ ನಂತರ ಅಮೆರಿಕ 1991ರಲ್ಲಿ ಹಳೇ ವಿಮಾನಗಳ ಸುರಕ್ಷತೆಗೆಂದೇ ಕಾಯ್ದೆ ಮಾಡಿತು. ಮುಂದೆ ಪ್ರತಿ ಮಾದರಿಗೂ "ಇಷ್ಟು ಸೈಕಲ್ ಅಥವಾ ಇಷ್ಟು ಗಂಟೆವರೆಗೆ ಮಾತ್ರ ನಮ್ಮ ಪರೀಕ್ಷೆಯ ಆಧಾರ ಇದೆ, ಅದರಾಚೆ ಹಾರಿಸೋ ಹಾಗಿಲ್ಲ" ಅಂತ ತಯಾರಕರು ಗೆರೆ ಎಳೆಯಲೇಬೇಕು ಅನ್ನೋ ನಿಯಮವೂ ಬಂತು.

ಹಾಗಾದ್ರೆ ಹಳೇದು ಅಪಾಯ, ಹೊಸದು ಸೇಫಾ?

ಇಲ್ಲ, ಅಷ್ಟು ಸುಲಭ ಅಲ್ಲ. 2018ರ ಅಕ್ಟೋಬರ್‌ನಲ್ಲಿ ಜಾವಾ ಸಮುದ್ರಕ್ಕೆ ಬಿದ್ದ ಲಯನ್ ಏರ್ 737 ಮ್ಯಾಕ್ಸ್‌ಗೆ ಮೂರು ತಿಂಗಳೂ ತುಂಬಿರಲಿಲ್ಲ. 2019ರ ಮಾರ್ಚ್‌ನಲ್ಲಿ ಬಿದ್ದ ಇಥಿಯೋಪಿಯನ್ ಮ್ಯಾಕ್ಸ್‌ಗೆ ನಾಲ್ಕು ತಿಂಗಳು. 2024ರ ಜನವರಿಯಲ್ಲಿ ಬಾಗಿಲಿನ ಜಾಗ ಮುಚ್ಚಿದ್ದ ಫಲಕ ಹಾರಿಹೋದ ಅಲಾಸ್ಕಾ ಏರ್‌ಲೈನ್ಸ್ ವಿಮಾನ ಕಂಪನಿಗೆ ಬಂದು ಎರಡು ತಿಂಗಳಾಗಿತ್ತು ಅಷ್ಟೇ. ಇವುಗಳಲ್ಲಿ ಲೋಹ ದಣಿದಿರಲಿಲ್ಲ, ಸಮಸ್ಯೆ ವಿನ್ಯಾಸದಲ್ಲಿ, ಜೋಡಣೆಯಲ್ಲಿ ಇತ್ತು.

2000ನೇ ಇಸವಿಯ ಜುಲೈನಲ್ಲಿ ಪಾಟ್ನಾದಲ್ಲಿ ಅಲಯನ್ಸ್ ಏರ್‌ನ 737-200 ಬಿತ್ತು, 60 ಜನ ಸತ್ತರು. ಆ ವಿಮಾನಕ್ಕೆ 20 ವರ್ಷ ಆಗಿತ್ತು. ಆದ್ರೆ ತನಿಖೆ ಕೊಟ್ಟ ಕಾರಣ ವಯಸ್ಸಲ್ಲ, ಪೈಲಟ್‌ಗಳ ತಪ್ಪು.

2002ರಲ್ಲಿ ತೈವಾನ್ ಹತ್ತಿರ ಚೈನಾ ಏರ್‌ಲೈನ್ಸ್‌ನ 747 ಆಕಾಶದಲ್ಲೇ ಒಡೆದು 225 ಜನ ಸತ್ತರು. ಅದಕ್ಕೆ 22 ವರ್ಷ ಆಗಿತ್ತು ನಿಜ. ಆದ್ರೆ ಮೂಲ 1980ರಲ್ಲಿದೆ. ಇಳಿಯುವಾಗ ಬಾಲ ನೆಲಕ್ಕೆ ಉಜ್ಜಿ ಗೀರು ಬಿದ್ದಿತ್ತು. ಗೀರು ಬಿದ್ದ ಭಾಗ ಕತ್ತರಿಸಿ ತೆಗೆಯೋ ಬದಲು ಮೇಲೆ ತೇಪೆ ಹಾಕಿದರು. ತೇಪೆಯ ಕೆಳಗೆ ಬಿರುಕು ಯಾರ ಕಣ್ಣಿಗೂ ಕಾಣದೆ ಇಪ್ಪತ್ತು ವರ್ಷ ಬೆಳೆಯಿತು.

ಹಾಗಾಗಿ ವಯಸ್ಸಾದಂತೆ ವಿಮಾನ ತಾನಾಗಿ ಅಪಾಯಕಾರಿ ಆಗಲ್ಲ. ಅದನ್ನು ನೋಡ್ಕೊಳ್ಳೋ ಕೆಲಸ ಜಾಸ್ತಿ ಆಗ್ತಾ ಹೋಗತ್ತೆ. ಕೆಲವು ವರ್ಷಕ್ಕೊಮ್ಮೆ ಬರೋ ಡಿ-ಚೆಕ್‌ನಲ್ಲಿ ಸೀಟು, ಒಳಗಿನ ಪ್ಯಾನೆಲ್, ಎಷ್ಟೋ ಸಲ ಬಣ್ಣವನ್ನೂ ತೆಗೆದು ವಿಮಾನವನ್ನು ಬರೀ ಅಸ್ಥಿಪಂಜರ ಮಾಡ್ತಾರೆ. ರಿವೆಟ್ ಸುತ್ತ ಎಡ್ಡಿ ಕರೆಂಟ್ ಪ್ರೋಬ್ ಹಿಡಿದು ಕಣ್ಣಿಗೆ ಕಾಣದ ಬಿರುಕು ಹುಡುಕ್ತಾರೆ. ಸಾವಿರಾರು ಮಾನವ-ಗಂಟೆಗಳ ಕೆಲಸ. ವಯಸ್ಸಾದಷ್ಟೂ ಹುಡುಕಬೇಕಾದ ಜಾಗಗಳ ಪಟ್ಟಿ ಉದ್ದ ಆಗತ್ತೆ, ಬಿಲ್ಲೂ ಉದ್ದ ಆಗತ್ತೆ.

ಹಾಗಿದ್ದೂ ಯಾಕೆ ಇಟ್ಕೊಳ್ತಾರೆ?

ಮೂರು ಕಾರಣ ಕಾಣತ್ತೆ.

ಮೊದಲನೇದು, ಆ ಕೆಲಸ ಮಾಡೋ ಹೊಸ ವಿಮಾನ ಇಲ್ಲ. ಮತ್ತೆ ಕೆನಡಾಕ್ಕೆ ಬರೋಣ. ಇಂಜಿನ್ ನೆಲದ ಹತ್ತಿರ ಗಾಳಿ ಎಳೆಯುವಾಗ ಕೆಳಗೆ ಸಣ್ಣ ಸುಂಟರಗಾಳಿ ಏಳತ್ತೆ, ಜಲ್ಲಿ ಅದರ ಜೊತೆ ಇಂಜಿನ್ ಒಳಗೆ ಹೋದ್ರೆ ಬ್ಲೇಡ್ ಪುಡಿ. ಅದಕ್ಕೇ ಬೋಯಿಂಗ್ 737-200ಗೆ ಗ್ರಾವೆಲ್ ಕಿಟ್ ಮಾಡಿತ್ತು. ಮುಂದಿನ ಚಕ್ರದ ಹಿಂದೆ ಕಲ್ಲು ಮೇಲೆ ಸಿಡಿಯದ ಹಾಗೆ ಅಗಲವಾದ ತಟ್ಟೆ, ಎರಡೂ ಇಂಜಿನ್ ಮುಂದೆ ಚಾಚಿಕೊಂಡಿರೋ ಕೊಳವೆ, ಹೊಟ್ಟೆಯ ಕೆಳಗೆ ಕಲ್ಲೇಟು ತಡೆಯೋ ಬಣ್ಣ. ಆ ಕೊಳವೆ ಇಂಜಿನ್‌ನಿಂದಲೇ ತೆಗೆದ ಗಾಳಿಯನ್ನು ಊದಿ ಸುಂಟರಗಾಳಿಯನ್ನು ಹುಟ್ಟೋಕೆ ಮೊದಲೇ ಒಡೆದುಬಿಡತ್ತೆ. ಎಷ್ಟು ಸರಳ ನೋಡಿ!

ಹೊಸ 737ಗೆ ಇದನ್ನೇ ಹಾಕಬಹುದಲ್ವಾ? ಆಗಲ್ಲ. 737-200ರ ಇಂಜಿನ್ ತೆಳ್ಳಗೆ, ಸಿಗಾರ್ ಥರ, ಫ್ಯಾನ್ ವ್ಯಾಸ ಸುಮಾರು ಒಂದು ಮೀಟರ್. ಇಂಧನ ಉಳಿಸಬೇಕು ಅಂದ್ರೆ ಫ್ಯಾನ್ ದೊಡ್ಡದಾಗಬೇಕು. 737 ಮ್ಯಾಕ್ಸ್‌ನದು ಸುಮಾರು 1.76 ಮೀಟರ್. ಫ್ಯಾನ್ ದೊಡ್ಡದಾದಷ್ಟೂ ಇಂಜಿನ್ ನೆಲಕ್ಕೆ ಹತ್ತಿರ, ಕಲ್ಲಿಗೆ ಹತ್ತಿರ. ಅಂದ್ರೆ ಹೊಸ ವಿಮಾನವನ್ನು ಉತ್ತಮ ಮಾಡಿದ ಗುಣವೇ ಅದನ್ನು ಜಲ್ಲಿ ರನ್‌ವೇಯಿಂದ ದೂರ ಇಟ್ಟಿದೆ. ಈ ಕಡೆ ಜನ ಕಡಿಮೆ, ಮಾರುಕಟ್ಟೆ ಚಿಕ್ಕದು. ಅವರಿಗಾಗಿಯೇ ಹೊಸ ಜೆಟ್ ಮಾಡೋರು ಯಾರೂ ಇಲ್ಲ.

ಎರಡನೇದು ದುಡ್ಡು. ಹೊಸ 737 ಮ್ಯಾಕ್ಸ್ 8 ಅಥವಾ ಎ320 ನಿಯೋದ ಪಟ್ಟಿ ಬೆಲೆ 2018ರಲ್ಲೇ 10 ಕೋಟಿ ಡಾಲರ್ ದಾಟಿತ್ತು. ನಿಯೋ ಹಿಂದಿನ ಎ320ಗಿಂತ ಸುಮಾರು 15% ಇಂಧನ ಉಳಿಸತ್ತೆ. ಆದ್ರೆ ಆ ಉಳಿತಾಯ ಇಎಂಐ ತೀರಿಸಬೇಕು ಅಂದ್ರೆ ವಿಮಾನ ದಿನಕ್ಕೆ ಹತ್ತು ಹನ್ನೆರಡು ಗಂಟೆ ಹಾರ್ತಾನೇ ಇರಬೇಕು. ಅಮೆರಿಕದ ಅಲೀಜಿಯಂಟ್ ಇದನ್ನು ಉಲ್ಟಾ ಮಾಡಿತು. ಬೇರೆಯವರು ಮಾರಿದ ಎಂಡಿ-80ಗಳನ್ನು ಅಗ್ಗಕ್ಕೆ ತಗೊಂಡು, ಜನ ಇರೋ ದಿನ ಮಾತ್ರ ಹಾರಿಸಿ, ಉಳಿದ ದಿನ ಸುಮ್ಮನೆ ನಿಲ್ಲಿಸಿತು. ಇಎಂಐ ಇಲ್ಲದಿದ್ರೆ ನಿಂತ ವಿಮಾನ ಹೆಚ್ಚು ಹೊರೆ ಅಲ್ಲ. 2018ರವರೆಗೆ ಹೀಗೇ ನಡೆಸಿತು. ಡೆಲ್ಟಾ ಕೂಡ ತನ್ನ ಡಿಸಿ-9ಗಳನ್ನು 2014ರವರೆಗೆ, ಎಂಡಿ-88ಗಳನ್ನು 2020ರವರೆಗೆ ಓಡಿಸಿತು. 2004ರಲ್ಲೇ ತಯಾರಿ ನಿಂತ 757ಗಳನ್ನು ಆಮೇಲೂ ವರ್ಷಗಟ್ಟಲೆ ಹಾರಿಸಿತು. ಕೊನೆಗೆ ಇಂಥ ವಿಮಾನಗಳನ್ನು ಮನೆಗೆ ಕಳಿಸೋದು ಸಾಮಾನ್ಯವಾಗಿ ಬಿರುಕಲ್ಲ, ಲೆಕ್ಕದ ಪುಸ್ತಕ. ಮುಂದಿನ ಡಿ-ಚೆಕ್ ಖರ್ಚು ವಿಮಾನದ ಬೆಲೆಗಿಂತ ಜಾಸ್ತಿ ಆದ ದಿನ ಅದರ ಕೊನೆ ಹಾರಾಟ.

ಮೂರನೇ ಕಾರಣ ಹೇಳೋಕೆ ಬೇಜಾರಾಗತ್ತೆ: ಹೊಸದು ಕೊಳ್ಳೋಕೆ ಬಿಡಲ್ಲ. ಇರಾನ್ ಮೇಲೆ ಅಮೆರಿಕದ ನಿರ್ಬಂಧ ದಶಕಗಳಿಂದ ಇದೆ. ವಿಮಾನದಲ್ಲಿ ಬೆಲೆ ಲೆಕ್ಕದಲ್ಲಿ 10%ಗಿಂತ ಜಾಸ್ತಿ ಅಮೆರಿಕದ ಭಾಗಗಳಿದ್ದರೆ ಸಾಕು, ಮಾರೋಕೆ ಅಮೆರಿಕದ ಅನುಮತಿ ಬೇಕು. ಹಾಗಾಗಿ ಯುರೋಪಿನ ಏರ್‌ಬಸ್ ಕೂಡ ಸಿಗಲ್ಲ. ಪ್ರಪಂಚದಲ್ಲಿ ಪ್ರಯಾಣಿಕರನ್ನು ಹೊತ್ತ ಕೊನೆಯ ಬೋಯಿಂಗ್ 727 ನಿಗದಿತ ಸೇವೆ ಮುಗಿದಿದ್ದು ಇರಾನ್‌ನಲ್ಲೇ, 2019ರ ಜನವರಿಯಲ್ಲಿ. 2015ರ ಪರಮಾಣು ಒಪ್ಪಂದದ ನಂತರ ಇರಾನ್ ಏರ್ ಸುಮಾರು 180 ಬೋಯಿಂಗ್, ಏರ್‌ಬಸ್ ವಿಮಾನಗಳಿಗೆ ಆರ್ಡರ್ ಕೊಟ್ಟಿತ್ತು. 2018ರಲ್ಲಿ ಅಮೆರಿಕ ಒಪ್ಪಂದದಿಂದ ಹೊರಗೆ ಬಂದು ಅನುಮತಿ ರದ್ದು ಮಾಡುವಷ್ಟರಲ್ಲಿ ಕೈಗೆ ಸಿಕ್ಕಿದ್ದು 3 ಏರ್‌ಬಸ್, ಜೊತೆಗೆ 13 ಚಿಕ್ಕ ಎಟಿಆರ್.

ಇಲ್ಲಿ ನಮಗೆ ಅನಿಸಿದ್ದು ಹೇಳ್ತೀವಿ. ಕೆನಡಾದ 737ಗೂ ಇರಾನ್‌ನ ಹಳೇ ಜೆಟ್‌ಗೂ ಹುಟ್ಟಿದ ವರ್ಷ ಒಂದೇ ಇರಬಹುದು. ಆದ್ರೆ ಒಂದಕ್ಕೆ ಬಿಡಿಭಾಗ, ತಯಾರಕರ ಸಲಹೆ ಎಲ್ಲ ನೇರವಾಗಿ ಸಿಗತ್ತೆ. ಇನ್ನೊಂದಕ್ಕೆ ನಿಂತ ವಿಮಾನದ ಭಾಗ ಕಿತ್ತು ಓಡೋ ವಿಮಾನಕ್ಕೆ ಹಾಕಬೇಕು. ಅಲ್ಲಿನ ಮೆಕ್ಯಾನಿಕ್‌ಗಳ ಜಾಣತನಕ್ಕೆ ಕೈ ಮುಗೀಬೇಕು, ಆದ್ರೆ ಸುರಕ್ಷತೆ ಜಾಣತನದ ಮೇಲೆ ನಿಲ್ಲಬಾರದು. ಟಿಕೆಟ್ ತಗೊಳ್ಳೋ ಸಾಮಾನ್ಯ ಜನಕ್ಕೆ ಇದರಲ್ಲಿ ಆಯ್ಕೆಯೇ ಇಲ್ಲ.

ಬೆಂಗಳೂರಿಗೆ ಬಂದ 737-200

ಈಗ ಆ್ಯಪ್‌ಗಳಲ್ಲಿ ರಿಜಿಸ್ಟ್ರೇಶನ್ ನಂಬರ್ ಹಾಕಿದ್ರೆ ವಿಮಾನದ ವಯಸ್ಸು ಬರತ್ತೆ. "17 ವರ್ಷದ್ದಂತೆ ಕಣೋ" ಅಂತ ಸ್ಕ್ರೀನ್‌ಶಾಟ್ ಕಳಿಸೋದು ಸುಲಭ. ಆ ಅಂಕಿಯಲ್ಲಿ ಸೈಕಲ್ ಎಷ್ಟು, ಹಾರಿದ್ದು ಕಡಲ ತೀರದಲ್ಲಾ ಒಣ ಹವೆಯಲ್ಲಾ, ಹಳೇ ರಿಪೇರಿ ಹೇಗೆ ಮಾಡಿದ್ದಾರೆ, ಬಿಡಿಭಾಗ ಎಲ್ಲಿಂದ ಬರತ್ತೆ ಅನ್ನೋದು ಯಾವುದೂ ಇಲ್ಲ. ಕೇಳಬೇಕಾದ ಪ್ರಶ್ನೆಗಳು ಅವು.

ಕೊನೆಗೆ ನಮ್ಮ ಊರಿನ ಸುದ್ದಿ. ಇಂಡಿಯನ್ ಏರ್‌ಲೈನ್ಸ್‌ಗೆ 1982ರಲ್ಲಿ ಬಂದಿದ್ದ ವಿಟಿ-ಇಎಚ್‌ಎಚ್ ಅನ್ನೋ 737-200, ಕೊನೆಗಾಲದಲ್ಲಿ ಅಂಚೆ ಸಾಮಾನು ಹೊತ್ತು, 2012ರಿಂದ ಕೋಲ್ಕತ್ತಾ ವಿಮಾನ ನಿಲ್ದಾಣದ ಮೂಲೆಯಲ್ಲಿ ನಿಂತಿತ್ತು. ಅದು ತಮ್ಮದು ಅನ್ನೋದೇ ಏರ್ ಇಂಡಿಯಾಗೆ ಮರೆತುಹೋಗಿತ್ತು. ನಿಲ್ದಾಣದವರು ತಗೊಂಡು ಹೋಗಿ ಅಂದಾಗ ಗೊತ್ತಾಯಿತು. 2025ರ ನವೆಂಬರ್‌ನಲ್ಲಿ ಅದು ಲಾರಿ ಮೇಲೆ ರಸ್ತೆಯಲ್ಲೇ ಬೆಂಗಳೂರಿಗೆ ಹೊರಟಿತು. ಅದಿನ್ನು ಹಾರಲ್ಲ. ವಿಮಾನದ ಮೇಂಟೆನೆನ್ಸ್ ಎಂಜಿನಿಯರ್ ಆಗೋರು ಅದರ ಮೇಲೆ ಕೈಯಿಟ್ಟು ಕಲೀತಾರೆ. ಅಲೋಹಾದಲ್ಲಿ ಅಂಟು ಬಿಟ್ಟಿದ್ದು ಇದೇ ಮಾದರಿಯಲ್ಲಿ. ಮುಂದೆ ಯಾವುದೋ ರಾತ್ರಿ ಹ್ಯಾಂಗರ್‌ನಲ್ಲಿ ಟಾರ್ಚ್ ಹಿಡಿದು ರಿವೆಟ್ ಸಾಲು ನೋಡ್ತಾ "ಇಲ್ಲೇನೋ ಗೀರಿದೆ, ಇವತ್ತು ಬಿಡೋದು ಬೇಡ" ಅಂತ ಹೇಳೋರು ಇವರೇ. ಮೆಕ್ಯಾನಿಕಲ್, ಏರೋ ಓದ್ತಿರೋ ನಮ್ಮಲ್ಲೂ ಕೆಲವರು ಆ ಹ್ಯಾಂಗರ್‌ಗೆ ಹೋಗಬಹುದು.